ಸೀಟಿನ ಹಿಂದಿನ ಕೈ

೧೪-೧-೮೪

ಅಣ್ಣನಿಗೆ,

ಬಂದು ಸೇರಿದೆ. ಕೈಕಾಲು, ಮೂಗು, ಹಲ್ಲು ಎಲ್ಲ ಹೊರಟಾಗ ಇದ್ದ ಜಾಗದಲ್ಲೇ ಇವೆ ಎಂದು ಅತ್ತಿಗೆಗೆ ಹೇಳು. ಹಾಸ್ಟೆಲಿನಲ್ಲಿ ನನಗೆ ಕಿಟಕಿ ಪಕ್ಕದ ಮಂಚ ಸಿಕ್ಕಿದೆ. ಕಿಟಕಿ ತೆಗೆದರೆ ಟ್ರ್ಯಾಕ್ ಕಾಣುತ್ತದೆ.

ಅದು ಮೈದಾನವಲ್ಲ ಅಣ್ಣ, ಬಾಣಲೆ. ಮರದ ದೊಡ್ಡ ಬಾಣಲೆ. ತಿರುವುಗಳಲ್ಲಿ ಗೋಡೆಯ ಹಾಗೆ ಎದ್ದು ನಿಂತಿದೆ. ಮೊದಲ ದಿನ ಸುಮ್ಮನೆ ನಡೆದು ಹತ್ತಲು ಹೋಗಿ ಕುಂಡೆ ಮೇಲೆ ಜಾರಿ ಕೆಳಗೆ ಬಂದೆ, ಸೈಕಲ್ ಇಲ್ಲದೆಯೇ. ಇಲ್ಲಿನ ಸೈಕಲ್ಲಿಗೆ ಬ್ರೇಕೇ ಇಲ್ಲ. ಚಕ್ರ ತಿರುಗುವ ತನಕ ಪೆಡಲ್ಲೂ ತಿರುಗುತ್ತದೆ, ಕಾಲು ಸುಮ್ಮನಿರಲು ಬಿಡುವುದಿಲ್ಲ. ಪಾದಗಳನ್ನು ಚರ್ಮದ ಪಟ್ಟಿಯಿಂದ ಪೆಡಲಿಗೆ ಬಿಗಿದುಬಿಡುತ್ತಾರೆ. ಹಾಗಾಗಿ ಓಟ ಶುರುವಾಗುವ ತನಕ ಯಾರಾದರೂ ಹಿಂದೆ ನಿಂತು ಸೀಟು ಹಿಡಿದಿರಬೇಕು. ಇಲ್ಲದಿದ್ದರೆ ಕಡಿದ ಮರದ ಹಾಗೆ ಪಕ್ಕಕ್ಕೆ ಬೀಳುವುದೇ.

ನಾನು ಸೇರಿರುವುದು ಸ್ಪ್ರಿಂಟಿಗೆ. ಅದರಲ್ಲಿ ಇಬ್ಬರೇ. ನೀನು ನೋಡಿದರೆ ನಗುತ್ತೀ. ವಿಷಲ್ ಊದಿದ ಮೇಲೆ ಇಬ್ಬರೂ ಓಡುವುದೇ ಇಲ್ಲ! ಮುಂದೆ ಹೋದವನಿಗೆ ಗಾಳಿ ಸೀಳುವ ಕೆಲಸ, ಹಿಂದಿದ್ದವನಿಗೆ ಅವನ ಬೆನ್ನಿನ ಮರೆ. ಅದಕ್ಕೆ ನೀನು ಮುಂದೆ ಹೋಗು, ನೀನು ಮುಂದೆ ಹೋಗು ಎಂದು ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತ ತೆವಳುತ್ತಾರೆ. ಒಮ್ಮೊಮ್ಮೆ ಚಕ್ರ ಅಲುಗದ ಹಾಗೆ ಸೈಕಲ್ ಮೇಲೇ ನಿಂತುಬಿಡುತ್ತಾರೆ. ಯಾವನು ತಡೆಯಲಾರದೆ ಮೊದಲು ಹೊರಟನೋ ಅವನು ಕೆಟ್ಟ. ಕೊನೆಯ ಸುತ್ತು ಮಾತ್ರ ಸಿಡಿಲು.

ಇಲ್ಲಿ ತರಬೇತಿ ಕೊಡುವ ಮಾಸ್ತರು ಕೇಳಿದರು, "ನಿನ್ನ ಹಿಡಿಯೋಕೆ ಯಾರಿದ್ದಾರಯ್ಯ?"

"ನಮ್ಮಣ್ಣ ಇದ್ದಾನೆ ಸಾರ್."

"ಏನು ಕೆಲಸ ಮಾಡ್ತಾನೆ?"

"ಕ್ಷೌರದಂಗಡಿ ಸಾರ್."

"ಒಳ್ಳೇದೇ ಆಯ್ತು. ಕಾಲಿನ ಕೂದಲು ನುಣ್ಣಗೆ ತೆಗೀಬೇಕು, ಬಿದ್ದಾಗ ಗಾಯಕ್ಕೆ ಅಂಟಬಾರದು. ಬರುವಾಗ ಕ್ಷೌರದ ಕತ್ತೀನೂ ತರೋಕೆ ಹೇಳು."

ಮೊದಲ ಓಟ ಮಾರ್ಚಿನಲ್ಲಿ. ನೀನೇ ಬರಬೇಕು. ಅಂಗಡಿ ಹಿಂದಿನ ಗಲ್ಲಿಯಲ್ಲಿ ನನಗೆ ಸೈಕಲ್ ಕಲಿಸಿದಾಗ "ಬಿಡಬೇಡ, ಬಿಡಬೇಡ" ಎಂದು ನಾನು ಕಿರುಚಿಕೊಳ್ಳುತ್ತಿದ್ದೆ. ನೀನು ಯಾವಾಗಲೋ ಬಿಟ್ಟಿರುತ್ತಿದ್ದೆ. ಆದರೂ ಕೈ ಇನ್ನೂ ಅಲ್ಲೇ ಇದೆ ಎಂದುಕೊಂಡು ನಾನು ಗಲ್ಲಿಯ ಕೊನೆ ಮುಟ್ಟುತ್ತಿದ್ದೆ. ಅದೇ ಕೈ ಬೇಕು.

ನಿನ್ನ ತಮ್ಮ

◆

೨೩-೧-೮೪

ಗುಂಡನಿಗೆ,

ನಿನ್ನ ಕಾಗದವನ್ನು ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳಿದೆ. ಮುಖಕ್ಕೆ ನೊರೆ ಹಚ್ಚಿದ ಮೇಲೆ ಯಾರೂ ಎದ್ದು ಹೋಗುವ ಹಾಗಿಲ್ಲವಲ್ಲ. ಎದುರಿನ ಬೇಕರಿಯವನು ಮಾತ್ರ ಅರ್ಧ ಗಡ್ಡದಲ್ಲೇ ಕೇಳಿದ: "ಓಡದೆ ನಿಂತ್ಕೊಳ್ಳೋದಕ್ಕೆ ಬಹುಮಾನ ಕೊಡ್ತಾರಾ? ಹಾಗಾದ್ರೆ ನಮ್ಮ ಭಾವಮೈದುನನ್ನೂ ಕಳಿಸ್ತೀನಿ."

ಅವನಿಗೆ ಒಂದು ಕಥೆ ಹೇಳಿ ಬಾಯಿ ಮುಚ್ಚಿಸಿದೆ. ನೀನೂ ಕೇಳು. ಒಂದು ಊರಿನಲ್ಲಿ ಇಬ್ಬರು ಕಳ್ಳರಿದ್ದರಂತೆ. ಇಬ್ಬರೂ ಸೇರಿ ಒಂದು ಕಣಜಕ್ಕೆ ಕನ್ನ ಕೊರೆದರು. ಕೊರೆದದ್ದೇನೋ ಆಯಿತು, ಒಳಗೆ ಮೊದಲು ತಲೆ ಹಾಕುವವರು ಯಾರು? ಹಾಕಿದವನ ತಲೆಗೆ ಒನಕೆ ಬಿದ್ದರೆ? "ನೀನು ದೊಡ್ಡವನು, ನೀನು ಹೋಗಪ್ಪ" ಅಂದ ಒಬ್ಬ. "ನೀನು ತೆಳ್ಳಗಿದ್ದೀಯ, ನೀನು ನುಗ್ಗು" ಅಂದ ಇನ್ನೊಬ್ಬ. ಹೀಗೇ ಮರ್ಯಾದೆ ಕೊಟ್ಟು ಮರ್ಯಾದೆ ತಗೊಳ್ಳುತ್ತ ಬೆಳಗಾಯಿತು. ಕಣಜದ ಯಜಮಾನ ಎದ್ದು ಬಂದು ನೋಡಿದರೆ ಇಬ್ಬರೂ ಕನ್ನದ ಮುಂದೆ ಕೈಮುಗಿದುಕೊಂಡು ನಿಂತಿದ್ದಾರೆ!

ಬರುತ್ತೇನೆ ಕಣೋ. ಬರದೆ ಇನ್ನೇನು? ಅಪ್ಪ ಅಮ್ಮ ಹೋದ ಮೇಲೆ ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವನು ನಾನು. ಸೀಟು ಹಿಡಿಯುವುದು ಯಾವ ಭಾರ? ಕತ್ತಿ ಮಸೆದು ಇಟ್ಟಿದ್ದೇನೆ. ನಿನ್ನ ಅತ್ತಿಗೆ ಹೇಳುತ್ತಾಳೆ, ಅಷ್ಟು ದೊಡ್ಡ ಕಾಲು ಬೋಳಿಸಲು ಸಾಬೂನು ಎರಡು ಬೇಕು ಅಂತ.

ಅಣ್ಣ

◆

೨-೧೨-೮೫

ಅಣ್ಣನಿಗೆ,

ನೀನು ಬಸ್ಸು ಹತ್ತಿ ಹೋದ ಮರುದಿನದ ಪೇಪರು ಇದು. ಕತ್ತರಿಸಿ ಕಳಿಸಿದ್ದೇನೆ. "ದೇಶಕ್ಕೇ ಮೊದಲಿಗ" ಎಂದು ಬರೆದಿದ್ದಾರೆ. ಓದಿ ನನಗೇ ನಾಚಿಕೆಯಾಯಿತು. ಆದರೂ ಹಾಸ್ಟೆಲಿನ ಎಲ್ಲರಿಗೂ ತೋರಿಸಿಕೊಂಡು ಬಂದೆ.

ಚಿತ್ರ ನೋಡಿದೆಯಾ? ಆಗಷ್ಟೇ ಹೊರಟಿದ್ದೇನೆ. ನಿನ್ನನ್ನು ಪೂರ್ತಿ ಕತ್ತರಿಸಿ ಹಾಕಿದ್ದಾರೆ ಪಾಪಿಗಳು. ಅಂಚಿನಲ್ಲಿ ನಿನ್ನ ಒಂದು ಕೈ ಮಾತ್ರ ಉಳಿದಿದೆ. ಸೀಟು ಆಗಲೇ ಮುಂದೆ ಹೋಗಿದೆ, ಕೈ ಗಾಳಿಯಲ್ಲಿ ಹಾಗೇ ಇದೆ.

ಫೈನಲ್ಲಿನಲ್ಲಿ ನನ್ನ ಜೊತೆ ಓಡಿದನಲ್ಲ ಗಡ್ಡದವನು, ಅವನು ಸಂಜೆ ಬಂದು ಕೈಕುಲುಕಿ ಕೇಳಿದ, "ನಿನ್ನ ಹಿಂದೆ ನಿಲ್ಲೋರು ಏನು ಮಂತ್ರ ಹಾಕ್ತಾರೆ? ಗೆರೆ ಮೇಲೆ ನಿನ್ನ ಸೈಕಲ್ಲು ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿರುತ್ತೆ." ನಾನು ಅಂದೆ, "ಮಂತ್ರ ಏನೂ ಇಲ್ಲ, ಊರಿನ ಗಂಟಲುಗಳೆಲ್ಲ ಆ ಕೈಯ ಕೆಳಗೆ ಬಂದು ಹೋಗಿವೆ. ಒಂದಕ್ಕೂ ಗೀರು ಬಿದ್ದಿಲ್ಲ."

ನಿಜ ಹೇಳಲಾ? ಪಾದ ಬಿಗಿದು ಕೂತಾಗ ಪಕ್ಕದವನ ತೊಡೆ ನೋಡಿ ಇವತ್ತು ಸೋತೆ ಎಂದೇ ಅಂದುಕೊಳ್ಳುತ್ತೇನೆ. ಆಮೇಲೆ ನಿನ್ನ ಕೈ ಸೀಟಿಗೆ ಬರುತ್ತದೆ. ತಿರುಗಿ ನೋಡುವುದಿಲ್ಲ, ನೋಡಬೇಕಾಗಿಯೂ ಇಲ್ಲ. ಇವನು ಗೆಲ್ಲುತ್ತಾನೆ ಅಂತ ಆ ಕೈಗೆ ಗೊತ್ತು. ಅದಕ್ಕೆ ಗೊತ್ತಾದ ಮೇಲೆ ನನಗೂ ಗೊತ್ತಾಗುತ್ತದೆ.

ತಮ್ಮ

◆

೧೧-೧೨-೮೫

ಗುಂಡ,

ಚಿತ್ರಕ್ಕೆ ಚೌಕಟ್ಟು ಹಾಕಿಸಿ ದೊಡ್ಡ ಕನ್ನಡಿಯ ಪಕ್ಕ ತೂಗುಹಾಕಿದ್ದೇನೆ. ಕುರ್ಚಿಯಲ್ಲಿ ಕೂತವರು ತಮ್ಮ ಮುಖ ನೋಡಿಕೊಳ್ಳುವುದು ಬಿಟ್ಟು ನಿನ್ನ ತೊಡೆ ನೋಡುತ್ತಾರೆ. "ಈ ಕೈ ಯಾರದು?" ಎಂದು ಒಬ್ಬನಾದರೂ ಕೇಳಲಿ ಅಂತ ಕಾಯುತ್ತೇನೆ. ಕೇಳದಿದ್ದರೆ ನಾನೇ ಕೆಮ್ಮಿ ಹೇಳುತ್ತೇನೆ.

ನಿನ್ನ ಅತ್ತಿಗೆ ನೋಡಿದವಳೇ ಅಂದಳು, "ಅವನು ಹೊರಟೋದನಲ್ಲ, ಇನ್ನೂ ಯಾಕೆ ಕೈ ಚಾಚ್ಕೊಂಡು ನಿಂತಿದ್ದೀರಿ? ಬಸ್ಸು ತಪ್ಪಿಸ್ಕೊಂಡೋರ ಹಾಗೆ."

ಏನು ಹೇಳಲಿ? ನೀನು ಕೊನೆಯ ಗೆರೆ ದಾಟುವ ತನಕ ಕೈ ಇಳಿಸಲು ಮನಸ್ಸು ಬರುವುದಿಲ್ಲ. ಇಳಿಸಿದರೆ ನೀನು ಬಿದ್ದೆ ಅಂತ ಏನೋ ಒಂದು. ಹುಚ್ಚು ಅಂದುಕೋ.

ಆ ಗಡ್ಡದವನನ್ನು ಒಮ್ಮೆ ಅಂಗಡಿಗೆ ಕರೆದುಕೊಂಡು ಬಾ. ಅಂಥ ಗಡ್ಡ ಇಟ್ಟುಕೊಂಡು ಗಾಳಿಯಲ್ಲಿ ಹೋಗುವುದೆಂದರೆ ಕೊಡೆ ಬಿಚ್ಚಿಕೊಂಡು ಎದುರುಗಾಳಿಗೆ ಓಡಿದ ಹಾಗೆ.

ಅಣ್ಣ

◆

೨೦-೧೧-೮೭

ಅಣ್ಣನಿಗೆ,

ಮೊನ್ನೆ ನೀನು ಹೊರಡುವಾಗ ನಾನು ಕೋಣೆಯ ಬಾಗಿಲು ತೆಗೆಯಲಿಲ್ಲ. ನಿದ್ದೆ ಮಾಡುತ್ತಿರಲಿಲ್ಲ. ನೀನು ಹೊರಗೆ ನಿಂತದ್ದು, ಆಮೇಲೆ ಚೀಲ ಎತ್ತಿಕೊಂಡು ಹೋದದ್ದು ಎಲ್ಲ ಕೇಳಿಸಿತು.

ನಾಲ್ಕು ವರ್ಷ ನಾನು ಬೆವರು ಸುರಿಸಿದ್ದು ಆ ಒಂದು ಫೈನಲ್ಲಿಗೆ. ಅಷ್ಟು ದೇಶಗಳವರು ಬಂದಿದ್ದರು. ಎಲ್ಲರನ್ನೂ ದಾಟಿ ಬಂದರೆ ಕೊನೆಗೆ ಎದುರಿಗೆ ನಿಂತವನು ನಮ್ಮವನೇ, ಅದೇ ಗಡ್ಡದವನು. ಅವನನ್ನು ಎಷ್ಟು ಸಲ ಸೋಲಿಸಿದ್ದೇನೆ ಅನ್ನುವುದು ನಿನಗೂ ಗೊತ್ತು.

ಬೆಳಿಗ್ಗೆ ನೀನು ನನ್ನ ಮೀನಖಂಡಕ್ಕೆ ಕತ್ತಿ ತಾಗಿಸಿದೆ. ನಗುತ್ತ ಅದಕ್ಕೆ ಪಟಕದ ಕಲ್ಲು ಉಜ್ಜಿದೆ. ನಾನೂ ನಕ್ಕೆ. ಆದರೆ ಗೆರೆಯ ಮೇಲೆ ಕೂತಾಗ ನಿನ್ನ ಕೈ ನಡುಗುತ್ತಿತ್ತು ಅಣ್ಣ. ಸೀಟಿನಿಂದ ನನ್ನ ಬೆನ್ನಿಗೆ, ಬೆನ್ನಿನಿಂದ ಹ್ಯಾಂಡಲ್ಲಿಗೆ ಬಂತು. ಮುಂದಿನ ಚಕ್ರ ಗೆರೆಯ ಮೇಲೆ ಗಡಗಡ ಅನ್ನುತ್ತಿತ್ತು. ಗಡ್ಡದವನು ಕೂಡ ತಿರುಗಿ ನೋಡಿದ.

ನಾನು ಸೋಲುತ್ತೇನೆ ಅಂತ ನೀನು ಹೆದರಿದ್ದೆ. ಬೇರೆ ಯಾರೇ ಹೆದರಲಿ, ನನಗೆ ಏನೂ ಅನ್ನಿಸುತ್ತಿರಲಿಲ್ಲ. ವಿಷಲ್ ಆದ ಮೇಲೂ ನನ್ನ ತಲೆಯಲ್ಲಿ ಅದೇ ತಿರುಗುತ್ತಿತ್ತು, ಅಣ್ಣನಿಗೇ ಹೆದರಿಕೆ, ಅಣ್ಣನಿಗೇ ನಂಬಿಕೆಯಿಲ್ಲ. ಅವನು ತಿರುವಿನ ಮೇಲಿಂದ ಹದ್ದಿನ ಹಾಗೆ ಎರಗಿದಾಗ ನಾನು ಎಚ್ಚರದಲ್ಲೇ ಇರಲಿಲ್ಲ. ಮೂರರಲ್ಲಿ ಎರಡು ಓಟ ಗೆದ್ದವನೇ ಗೆದ್ದ ಹಾಗೆ, ಎರಡನೇ ಓಟದಲ್ಲೂ ಅದೇ ಕೈ, ಅದೇ ನಡುಕ, ಅದೇ ಸೋಲು.

ಮುಂದಿನ ವರ್ಷದಿಂದ ಫೆಡರೇಷನ್ನಿನವರೇ ಒಬ್ಬರನ್ನು ಕೊಡುತ್ತಾರೆ. ನೀನು ಅಂಗಡಿ ಬಾಗಿಲು ಹಾಕಿ ಅಷ್ಟು ದೂರ ಬರಬೇಕಾಗಿಲ್ಲ.

ತಮ್ಮ

◆

೮-೧೨-೮೭

ಗುಂಡನಿಗೆ,

ಅಕ್ಷರ ನೋಡಿ ಗಾಬರಿಯಾಗಬೇಡ. ಹೇಳುತ್ತಿರುವವನು ನಾನು, ಬರೆಯುತ್ತಿರುವವಳು ನಿನ್ನ ಅತ್ತಿಗೆ. ಬಿಸಿನೀರಿನ ಪಾತ್ರೆ ಕೈಮೇಲೆ ಚೆಲ್ಲಿಕೊಂಡು ಬೊಬ್ಬೆ ಎದ್ದಿದೆ. ನನ್ನ ಅಕ್ಷರಕ್ಕಿಂತ ಇವಳದೇ ದುಂಡಗಿದೆ, ನಿನಗೇ ಲಾಭ.

ನೀನು ಬರೆದದ್ದು ಸರಿ. ಹೆದರಿದ್ದೆ. ಅಷ್ಟು ಜನ, ಅಷ್ಟು ದೀಪ, ನಾನೋ ಕತ್ತರಿ ಹಿಡಿಯುವವನು. ಫೆಡರೇಷನ್ನಿನವರು ಒಳ್ಳೆಯ ಆಸಾಮಿಯನ್ನೇ ಕೊಟ್ಟಿರುತ್ತಾರೆ. ಅವನ ಹತ್ತಿರ ಕಾಲು ಮಾತ್ರ ಬೋಳಿಸಿಕೊಳ್ಳಬೇಡ. ಹಿಡಿಯುವುದು ಬೇರೆ ವಿದ್ಯೆ, ಬೋಳಿಸುವುದು ಬೇರೆ.

ಬೇಜಾರು ಏನೂ ಇಲ್ಲ. ಅಂಗಡಿಯಲ್ಲಿ ಕೈತುಂಬ ಕೆಲಸ. ನೀನು ಕಾಲುತುಂಬ ಓಡು.

ಅಣ್ಣ

(ಹೇಳಿದ್ದನ್ನೆಲ್ಲ ಬರೆದಿದ್ದೇನೆ. ಅತ್ತಿಗೆ)

◆

೩-೧೧-೮೮

ಅಣ್ಣನಿಗೆ,

ಈ ಸಲ ಗೆದ್ದೆ. ನೇರ ಎರಡು ಓಟದಲ್ಲಿ. ಗಡ್ಡದವನು ಎರಡನೇ ಸ್ಥಾನ. ಪೇಪರಿನಲ್ಲಿ ಬಂದಿರುತ್ತದೆ.

ಹಿಡಿದವರು ಫೆಡರೇಷನ್ನಿನ ಒಬ್ಬ ಡ್ರೈವರು. ಕಬ್ಬಿಣದ ಕೈ. ಯಾವ ಗಡಿಬಿಡಿಯೂ ಇಲ್ಲ.

ತಮ್ಮ

◆

೧೯-೧೧-೮೮

ಗುಂಡ,

ನಿನ್ನ ಕಾರ್ಡು ಬರುವ ಮೊದಲೇ ರೇಡಿಯೋ ಹೇಳಿತು. ಬೇಕರಿಯವನು ಮುಖದ ನೊರೆಯಲ್ಲೇ ರಸ್ತೆಗಿಳಿದು ಕುಣಿದ. ಸೈಕಲ್ ಮೇಲೆ ಹೋಗುತ್ತಿದ್ದ ಪೋಸ್ಟ್‌ಮ್ಯಾನ್ ಅವನನ್ನು ನೋಡಿ ಚರಂಡಿಗೆ ಬಿದ್ದ. ನಮ್ಮ ಬೀದಿಯಲ್ಲಿ ಈ ಸೈಕಲ್ ಓಟದಲ್ಲಿ ಗಾಯವಾದದ್ದು ಅವನೊಬ್ಬನಿಗೇ.

ಇವಳೇ ಬರೆಯುತ್ತಿದ್ದಾಳೆ. ನಾನೀಗ ಯಜಮಾನನಪ್ಪ! ಕುರ್ಚಿಯ ಹಿಂದೆ ಹೊಸಬನೊಬ್ಬನನ್ನು ನಿಲ್ಲಿಸಿದ್ದೇನೆ. ನಾನು ಬೆಂಚಿನ ಮೇಲೆ ಕೂತು ಕಥೆ ಹೇಳುವುದು, ಅವನು ಬೋಳಿಸುವುದು. ಗಿರಾಕಿಗಳು ಮೊದಲಿಗಿಂತ ಖುಷಿಯಾಗಿದ್ದಾರೆ. ಕಥೆ ಹೇಳುವವನ ಕೈಯಲ್ಲಿ ಕತ್ತಿ ಇಲ್ಲ ಅಂತ.

ಆ ಡ್ರೈವರಿಗೆ ನನ್ನ ನಮಸ್ಕಾರ ಹೇಳು. ವಿಷಲ್ ಆದ ತಕ್ಷಣ ಬಿಡುತ್ತಾನೋ, ಒಂದು ಚೂರು ತಡೆಯುತ್ತಾನೋ? ತಡೆಯಬಾರದು. ಬಿಟ್ಟ ಮೇಲೆ ಕೈ ಏನು ಮಾಡುತ್ತಾನೆ? ಸುಮ್ಮನೆ ಕೇಳಿದೆ.

ಅಣ್ಣ

(ಬಿಡುವಾದಾಗ ಒಮ್ಮೆ ಬಂದು ಹೋಗಪ್ಪ. ಇದು ಅವರು ಹೇಳಿ ಬರೆಸಿದ್ದಲ್ಲ. ಅತ್ತಿಗೆ)

◆

೬-೯-೯೦

ಅಣ್ಣನಿಗೆ,

ಕಾಗದ ಬರೆದು ಎಷ್ಟೋ ಕಾಲವಾಯಿತು. ನೀನು ಬರೆದ ಮೇಲೆ ಬರೆಯೋಣ ಎಂದು ನಾನು, ನಾನು ಬರೆದ ಮೇಲೆ ಬರೆಯೋಣ ಎಂದು ನೀನು.

ನಿನ್ನೆ ಬೇಕರಿಯವನು ಸಿಕ್ಕಿದ್ದ. ಒಲೆಗೆ ಏನೋ ಸಾಮಾನು ಕೊಳ್ಳಲು ಈ ಊರಿಗೆ ಬಂದವನು ನನ್ನನ್ನು ಹುಡುಕಿಕೊಂಡು ಟ್ರ್ಯಾಕಿಗೇ ಬಂದ. ಅವನು ಆಡಿದ ಮಾತನ್ನು ಹಾಗೆಹಾಗೇ ಬರೆಯುತ್ತೇನೆ.

"ಏನಪ್ಪಾ ಚಾಂಪಿಯನ್ನು, ಮನೆ ಕಡೆ ತಲೆ ಹಾಕಿ ಮಲಗಲ್ವಂತೆ?"

"ಕೆಲಸ ಜಾಸ್ತಿ. ಅಂಗಡಿ ಹೇಗಿದೆ?"

"ಅಂಗಡಿಗೇನು, ಹೊಸಬ ನೋಡ್ಕೋತಾನೆ. ನಿಮ್ಮಣ್ಣಂದೇ ಸಂಕಟ. ನಮ್ಮಲ್ಲಿಗೆ ಟೀ ಕುಡಿಯೋಕೆ ಬಂದ್ರೆ ಅರ್ಧ ಲೋಟ ಹಾಕಿಸ್ಕೋತಾನೆ."

"ಯಾಕೆ, ಸಕ್ಕರೆ ಕಾಯಿಲೆಯಾ?"

"ಸಕ್ಕರೆ ಎಲ್ಲಿ ಬಂತು? ತುಂಬಾ ಹಾಕಿದ್ರೆ ಚೆಲ್ಲುತ್ತಲ್ಲ. ಎರಡೂ ಕೈಲಿ ಹಿಡಿದ್ರೂ ಲೋಟ ಹಲ್ಲಿಗೆ ಟಕಟಕ ಬಡಿಯುತ್ತೆ. ಡಾಕ್ಟ್ರು ನರದ ಕಾಯಿಲೆ ಅಂದಿದ್ದಾರೆ, ವಾಸಿ ಆಗಲ್ವಂತೆ. ನೀನು ಆ ಗಡ್ಡದವನಿಗೆ ಸೋತು ಬಂದ್ಯಲ್ಲ, ಆ ಚಳಿಗಾಲದಿಂದ್ಲೂ ಹೀಗೇ." ಆಮೇಲೆ ನನ್ನ ಮುಖ ನೋಡಿದ. "ಅಯ್ಯೋ, ನಿನಗೆ ಗೊತ್ತಿಲ್ವಾ?"

ನನಗೆ ಹೇಗೆ ಗೊತ್ತಿರುತ್ತದೆ? ನೀನು ಬಿಸಿನೀರು ಬಿತ್ತು ಅಂದೆ. ಯಜಮಾನನಾದೆ ಅಂದೆ. ಅತ್ತಿಗೆ ಬಂದು ಹೋಗು ಅಂದಾಗ ನಾನು, ಅಣ್ಣನೇ ಕರೆಯಲಿ ಎಂದು ಕೂತೆ.

ಒಂದೇ ಒಂದು ಕೇಳುತ್ತೇನೆ. "ಹೆದರಿದ್ದೆ" ಅಂತ ನೀನೇ ಬರೆಸಿದ್ದೆ. ಅಂದಿನಿಂದ ಪ್ರತಿ ಗೆರೆಯ ಮೇಲೂ ಡ್ರೈವರನ ಕಬ್ಬಿಣದ ಕೈ ಸೀಟಿಗೆ ಬರುತ್ತದೆ, ನನಗೆ ನೆನಪಾಗುವುದು ಆ ಒಂದು ಮಾತು. ನನ್ನನ್ನು ಸಾಕಿದವನಿಗೆ ನಾನು ಸೋಲುತ್ತೇನೆ ಅನ್ನಿಸಿತ್ತು ಎಂದು. ಗೆದ್ದಿದ್ದೇನೆ ಅಣ್ಣ, ಕಪಾಟಿನ ತುಂಬ ಗೆದ್ದಿದ್ದೇನೆ. ಆ ಮಾತು ಮಾತ್ರ ಒಳಗಿನ ಮುಳ್ಳು, ಕೀಳಲು ಬರಲಿಲ್ಲ. ಅಂದು ನಡುಗಿದ್ದು ಕಾಯಿಲೆಯಾ, ಹೆದರಿಕೆಯಾ?

ಈ ತಿಂಗಳ ಕೊನೆಯಲ್ಲಿ ನನ್ನ ಕಡೆಯ ಓಟ. ವಯಸ್ಸಾಯಿತು, ಮಾಸ್ತರಿಗೂ ಹೇಳಿಬಿಟ್ಟಿದ್ದೇನೆ. ಡ್ರೈವರಿಗೆ ಬೇಡ ಅಂದಿದ್ದೇನೆ. ನೀನು ಬಂದು ಹಿಡಿ. ನಡುಗಿದರೆ ನಡುಗಲಿ. ಚಕ್ರ ಗೆರೆಯ ಮೇಲೆ ಕುಣಿಯಲಿ, ಜನ ನಗಲಿ, ಸೋತರೆ ಸೋಲುತ್ತೇನೆ.

ತಮ್ಮ

◆

೧೭-೯-೯೦

ಗುಂಡನಿಗೆ,

ಆ ಬೇಕರಿಯವನ ಬಾಯಿಗೆ ಅವನದೇ ಬನ್ನು ತುರುಕಬೇಕು.

ನಿನಗೆ ಹೇಳಿದ್ದರೆ ನೀನು ಏನು ಮಾಡುತ್ತಿದ್ದೆ? ಸೈಕಲ್ ಬಿಟ್ಟು ಓಡಿ ಬರುತ್ತಿದ್ದೆ. ಇಲ್ಲವೇ ಅಲ್ಲೇ ಇದ್ದು, ತಿರುವಿನಲ್ಲಿ ಹೋಗುವಾಗ ನನ್ನ ಲೋಟದ ಬಗ್ಗೆ ಯೋಚಿಸುತ್ತಿದ್ದೆ. ಬ್ರೇಕಿಲ್ಲದ ಗಾಡಿಯ ಮೇಲೆ ಕೂತವನಿಗೆ ಯೋಚಿಸಲು ಏನೂ ಕೊಡಬಾರದು ಕಣೋ. ಸಿಟ್ಟಿದ್ದರೆ ಪರವಾಗಿಲ್ಲ, ಸಿಟ್ಟು ಮುಂದಕ್ಕೆ ತಳ್ಳುತ್ತದೆ.

ಬರುತ್ತೇನೆ. ಇವಳೂ ಬರುತ್ತಾಳೆ. ಒಂದು ವಾರದಿಂದ ಅಭ್ಯಾಸ ನಡೆದಿದೆ. ಅಂಗಡಿಯ ತಿರುಗುವ ಕುರ್ಚಿಯಲ್ಲಿ ಇವಳನ್ನು ಕೂರಿಸಿ ಹಿಂದಿನಿಂದ ಹಿಡಿದು ನಿಲ್ಲುತ್ತೇನೆ. ಮೊದಲ ದಿನ "ನನ್ನ ಹಲ್ಲೆಲ್ಲ ಕಟಕಟ ಅಂತಿವೆ" ಎಂದು ಎದ್ದು ಹೋದಳು. ಈಗ ಒಂದು ಉಪಾಯ ಹೊಳೆದಿದೆ. ಮೊಣಕೈಯನ್ನು ಪಕ್ಕೆಗೆ ಒತ್ತಿ, ಉಸಿರು ಬಿಗಿಹಿಡಿದರೆ ಸ್ವಲ್ಪ ಹೊತ್ತು ಕೈ ಸುಮ್ಮನಿರುತ್ತದೆ. ಒಂದು ವಿಷಲ್ ಊದುವಷ್ಟು ಹೊತ್ತು. ನಮಗೆ ಬೇಕಾದದ್ದೂ ಅಷ್ಟೇ ತಾನೆ? ಹೊಸಬ ಬಾಯಲ್ಲೇ ವಿಷಲ್ ಊದುತ್ತಾನೆ, ನಾನು ಬಿಡುತ್ತೇನೆ, ನಿನ್ನ ಅತ್ತಿಗೆ ಒಂದು ಸುತ್ತು ತಿರುಗಿ ಬರುತ್ತಾಳೆ. ಇಲ್ಲಿಯವರೆಗೆ ಎಲ್ಲ ಓಟದಲ್ಲೂ ಅವಳೇ ಮೊದಲು.

ನೀನು ಕೇಳಿದ ಪ್ರಶ್ನೆಗೆ ಅಲ್ಲಿಗೆ ಬಂದು ಉತ್ತರ ಹೇಳುತ್ತೇನೆ. ಅದನ್ನು ಇವಳ ಕೈಯಲ್ಲಿ ಬರೆಸಲು ನನಗೆ ಮನಸ್ಸಿಲ್ಲ.

ಗುರುವಾರ ಹೊರಡುತ್ತೇವೆ.

ಅಣ್ಣ

◆

೧೭-೯-೯೦

ಅಣ್ಣನಿಗೆ,

ಈ ಸಲ ನನ್ನ ಅಕ್ಷರವೂ ನನ್ನದಲ್ಲ. ನರ್ಸಮ್ಮನ ಕೈಯಲ್ಲಿ ಬರೆಸುತ್ತಿದ್ದೇನೆ.

ಶನಿವಾರ ಬೆಳಗಿನ ಅಭ್ಯಾಸದಲ್ಲಿ ಬಿದ್ದೆ. ತಿರುವಿನ ಮೇಲಿಂದ ಇಳಿಯುವಾಗ ಹಿಂದಿನ ಟೈರು ರಿಮ್ಮಿನಿಂದ ಬಿಟ್ಟುಹೋಯಿತು. ಯಾರದೂ ತಪ್ಪಲ್ಲ. ಸೊಂಟದ ಕೀಲು ಪುಡಿಯಾಗಿದೆಯಂತೆ, ಬಲಗೈ ಭುಜವೂ ಮುರಿದಿದೆ. ಆಪರೇಷನ್ ಮಾಡಿದರೆ ಕೋಲು ಹಿಡಿದು ನಡೆಯಬಹುದು ಎಂದರು. ಸೈಕಲ್? ಅಂತ ಕೇಳಿದೆ. ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು.

ನೀನು ಬರುವುದು ಬೇಡ. ಹಿಡಿಯಲು ಇನ್ನು ಏನೂ ಇಲ್ಲ.

ತಮ್ಮ

◆

೨೮-೧೦-೯೦

ಅಣ್ಣನಿಗೆ,

ನೀನು ಮತ್ತು ಅತ್ತಿಗೆ ಊರು ಸೇರಿದ ಸುದ್ದಿ ಬಂತು. ಭುಜ ಕೂಡಿಕೊಂಡಿದೆ, ಈ ಕಾಗದ ನನ್ನದೇ ಕೈ.

ನನ್ನ ಕಾಗದ ನಿನಗೆ ಸಿಗಲೇ ಇಲ್ಲ ಎನ್ನುವುದು ಆಮೇಲೆ ಗೊತ್ತಾಯಿತು. ಅದು ನಿನ್ನ ಅಂಗಡಿಯ ಬಾಗಿಲಿಗೆ ಬಂದು ಬಿದ್ದಾಗ ನೀನು ಬಸ್ಸಿನಲ್ಲಿದ್ದೆ. ನೇರ ಟ್ರ್ಯಾಕಿಗೇ ಹೋಗಿದ್ದೆಯಂತೆ. ಕಾವಲುಗಾರ ನಿನ್ನೆ ನೋಡಲು ಬಂದಾಗ ಹೇಳಿದ: "ಅತ್ತಿಗೆಮ್ಮ ನನ್ನನ್ನ ವಿಚಾರಿಸ್ತಾ ಇದ್ರು, ನಾನು ಹೇಳ್ತಾ ಇದ್ದೆ. ಅಷ್ಟರಲ್ಲಿ ನಿಮ್ಮಣ್ಣ ಕೆಳಗಿಳಿದು ಗೆರೆ ಹತ್ರ ಹೋಗಿ ನಿಂತಿದ್ರು. ಜಾಗ ನೋಡ್ಕೊಂಡು, ಕಾಲು ಅಗಲಿಸಿ, ಮೊಣಕೈ ಪಕ್ಕೆಗೆ ಒತ್ತಿ. ಎದುರಿಗೆ ಸೈಕಲ್ ಇಲ್ಲ, ಏನಿಲ್ಲ. ಹೋಗಿ ಹೇಳೋಕೆ ನನಗೆ ಧೈರ್ಯ ಬರಲಿಲ್ಲ ಸ್ವಾಮಿ. ಅತ್ತಿಗೆಮ್ಮನೇ ಹೋಗಿ ಭುಜ ಮುಟ್ಟಿದ್ರು."

ಆಸ್ಪತ್ರೆಗೆ ಬಂದಾಗ ನೀನು ಇದೇನೂ ಹೇಳಲಿಲ್ಲ. "ಏನೋ ಗುಂಡ, ಮಲಗಿಕೊಂಡು ಗೆಲ್ಲೋ ಓಟ ಯಾವುದೋ ಇದು?" ಅಂದೆ.

ಆಪರೇಷನ್ನಿಗೆ ಮೊದಲು ಕಾಲಿನ ಕೂದಲು ತೆಗೆಯಲು ವಾರ್ಡಿನವನು ಬಂದನಲ್ಲ, ನಿನಗೆ ನೆನಪಿದೆ. ನೀನು ಚೀಲದಿಂದ ನಿನ್ನ ಕತ್ತಿ ತೆಗೆದೆ. ಕಡೆಯ ಓಟಕ್ಕೆಂದು ಮಸೆದು ತಂದ ಕತ್ತಿ. ಅವನು ನಿನ್ನ ಕೈ ನೋಡಿದ. "ಬೇಡ ಯಜಮಾನ್ರೇ, ನಾನೇ ಮಾಡ್ತೀನಿ" ಅಂದ. ಒರಟಾಗಿ ಅಲ್ಲ, ಮೆಲ್ಲಗೇ ಅಂದ. ನಾನು "ಅಣ್ಣನೇ ಮಾಡಲಿ ಬಿಡಿ" ಅಂತ ಕೂಗಿದೆ. ನೀನು ಕತ್ತಿ ಮಡಿಸಿ ಅವನ ಕೈಗೆ ಕೊಟ್ಟುಬಿಟ್ಟೆ. "ಕೂದಲ ದಿಕ್ಕಿಗೇ ಎಳೀರಪ್ಪ. ಎಡಗಾಲ ಮಂಡಿ ಹತ್ರ ಹಳೇ ಗಾಯದ ಕಲೆ ಇದೆ, ಅಲ್ಲಿ ನಿಧಾನ" ಅಂದೆ. ಆಮೇಲೆ ಬಂದು ನನ್ನ ಹಿಮ್ಮಡಿ ಹಿಡಿದುಕೊಂಡು ನಿಂತೆ. ಅವನು ಮುಗಿಸುವ ತನಕ ನಿನ್ನ ನಡುಕ ನನ್ನ ಕಾಲಿನಲ್ಲಿ ಹರಿಯುತ್ತಿತ್ತು. ನೀನು ಆ ಹೊತ್ತಿನಲ್ಲಿ ನಗುತ್ತಿದ್ದೆ, ಪಕ್ಕದ ಮಂಚದವನಿಗೆ ಕಳ್ಳರ ಕಥೆ ಹೇಳುತ್ತಿದ್ದೆ. ನಿನ್ನ ಮುಖದಲ್ಲಿ ಹೆದರಿಕೆ ಎಲ್ಲೂ ಇರಲಿಲ್ಲ. ಕೈ ಮಾತ್ರ ಅದರ ಪಾಡಿಗೆ ಅದು.

ನನ್ನ ಪ್ರಶ್ನೆಯನ್ನು ಅಲ್ಲೂ ಕೇಳಿದೆ. ನೀನು ಕಿತ್ತಳೆ ಸುಲಿಯೋಕೆ ಬರಲ್ಲ ಅಂತ ನೆಪ ಹೇಳಿ ಅತ್ತಿಗೆಯನ್ನು ಕರೆದೆ. ನಾನು ಬಿದ್ದು ಮಲಗಿದ್ದಾಗ ಹಳೆಯ ಸೋಲನ್ನು ಎತ್ತಬಾರದು ಅಂದುಕೊಂಡೆಯೇನೋ. ಅಣ್ಣ, ನಾವಿಬ್ಬರೂ ಆ ಕನ್ನದ ಮುಂದೆ ನಿಂತವರೇ. ನೀನು ಮೊದಲು ಹೇಳು, ನೀನು ಮೊದಲು ಕೇಳು ಅನ್ನುತ್ತ ಬೆಳಕು ಹರಿದುಹೋಯಿತು.

ಮಾಸ್ತರು ಬಂದಿದ್ದರು. ಹೊಸದಾಗಿ ಸೇರಿದವರ ಸೀಟು ಹಿಡಿಯಲು ನನ್ನನ್ನು ಇಟ್ಟುಕೊಳ್ಳಬೇಕೆಂದು ಅವರಿಗೆ ಆಸೆ ಇತ್ತಂತೆ. ನಾನು ಕೋಲಿನ ಮೇಲೆ ನಾಲ್ಕು ಹೆಜ್ಜೆ ನಡೆದು ತೋರಿಸಿದೆ. ಅವರು ಆ ಮಾತು ಬಿಟ್ಟು ಹವಾಮಾನ ಶುರುಮಾಡಿದರು. ಹಿಡಿಯುವವನಿಗೆ ಕಾಲು ಗಟ್ಟಿ ಇರಬೇಕು. ನಿನಗೆ ಕೈ ಇಲ್ಲ, ನನಗೆ ಕಾಲಿಲ್ಲ, ಇಬ್ಬರನ್ನೂ ಸೇರಿಸಿ ಹೊಲಿದರೆ ಒಬ್ಬ ಪೂರಾ ಮನುಷ್ಯ ಆಗಬಹುದೇನೋ. ಗಡ್ಡದವನಿಗೆ ಈ ಮಾತು ಹೇಳಿದೆ. ದಿನವೂ ಬಂದು ಕೂರುತ್ತಾನೆ ಪಾಪ. ಅವನು ನಗಲಿಲ್ಲ, ಎದ್ದು ಕಿಟಕಿಯ ಹತ್ತಿರ ಹೋದ.

ಇನ್ನು ನನಗೆ ಯಾವ ಗೆರೆಯೂ ಇಲ್ಲ. ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ನೀನು ಏನು ಹೇಳಿದರೂ ನನ್ನ ತಲೆ ಕೆಡುವ ತಿರುವು ಇನ್ನು ಬರುವುದಿಲ್ಲ. ಹ್ಞೂಂ ಅಂದರೂ ಸರಿ, ಉಹ್ಞೂಂ ಅಂದರೂ ಸರಿ, ಒಂದು ಸಾಲು ಬರೆ. ಅತ್ತಿಗೆಯಿಂದ ಬರೆಸಬೇಡ. ಎಷ್ಟು ತಡವಾದರೂ ಕಾಯುತ್ತೇನೆ. ಓದಲು ಬಾರದ ಹಾಗಿದ್ದರೂ ನಾನು ಓದಿಕೊಳ್ಳುತ್ತೇನೆ.

ತಮ್ಮ

◆

೧೮-೧೧-೯೦

(ಈ ತಾರೀಖು ಮಾತ್ರ ನಾನು ಬರೆದದ್ದು. ಕೆಳಗಿನದಕ್ಕೆ ಅವರು ನನ್ನನ್ನು ಪೆನ್ನು ಮುಟ್ಟಲು ಬಿಡಲಿಲ್ಲ. ಕಾಗದದ ಕೆಳಗೆ ಕ್ಷೌರಕ್ಕೆ ಮಕ್ಕಳನ್ನು ಕೂರಿಸುವ ಹಲಗೆ ಇಟ್ಟು, ಎಡಗೈಯಿಂದ ಬಲಗೈ ಒತ್ತಿ ಹಿಡಿದು, ಹೋದ ವಾರದಿಂದ ಬರೆಯುತ್ತಿದ್ದಾರೆ. ಎಷ್ಟೋ ಹಾಳೆ ಹರಿದವು. ಇದು ಉಳಿದದ್ದು. ಅತ್ತಿಗೆ)

ಗುಂಡ

ಹೆದರಿರಲಿಲ್ಲ

ನೀನೇ ಗೆಲ್ಲೋದು ಅಂತ ಗೊತ್ತಿತ್ತು

ಕೈಗೆ ಗೊತ್ತಿರಲಿಲ್ಲ

ಕೈ ಇನ್ನೂ ಇಳಿಸಿಲ್ಲ